ಅಣವೀರಪ್ಪನ ಬಲಗೈ ಮತ್ತು ಬೀಗರ ಸಾಕ್ಷಿ

ದೇವರು ಮನುಷ್ಯನಿಗೆ ಎರಡು ಕೈ ಕೊಟ್ಟಿರುವುದು ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಆದರೆ ಒಂದೇ ಕೈ ಒಂದು ಕಡೆ ಕೆಟ್ಟಿರಬೇಕು, ಇನ್ನೊಂದು ಕಡೆ ನೆಟ್ಟಗಿರಬೇಕು ಎಂಬ ಪ್ರಸಂಗ ಬಂದರೆ ಏನು ಮಾಡಬೇಕೆಂದು ದೇವರೂ ಹೇಳಿಲ್ಲ, ವಕೀಲರೂ ಹೇಳಿಲ್ಲ. ಮುಂಬಯಿಯ ಸಯನ್ನಿನ ಒಂದು ಚಾಳಿನಲ್ಲಿರುವ ಅಣವೀರಪ್ಪನಿಗೆ ಅಂಥ ಪ್ರಸಂಗ ಬಂತು.

ಅಣವೀರಪ್ಪ ಗೌಂಡಿ. ಕಲಬುರ್ಗಿ ಕಡೆಯಿಂದ ಹರೆಯದಲ್ಲೇ ಬಂದು, ಮುಂಬಯಿಯ ಅರ್ಧ ಗೋಡೆಗಳಿಗೆ ತಾನೇ ಸಿಮೆಂಟಿನ ಗಿಲಾವು ಮಾಡಿದ್ದೇನೆಂದು ನಂಬಿಕೊಂಡವನು. ಉಳಿದರ್ಧ ಗೋಡೆಗಳು ಸೊಟ್ಟಗಿವೆ ಎಂಬುದು ಅವನ ಇನ್ನೊಂದು ನಂಬಿಕೆ. ಹೀಗಿರುವಾಗ ಒಂದು ಮುಂಜಾನೆ ಕೆಲಸಕ್ಕೆ ಹೊರಟು ರಸ್ತೆ ದಾಟುತ್ತಿದ್ದ. ಸಿಗ್ನಲ್ಲು ಅಣವೀರಪ್ಪನ ಪಕ್ಷದಲ್ಲಿತ್ತು, ಬಂದ ಕಾರು ಮಾತ್ರ ಅವನ ಪಕ್ಷದಲ್ಲಿರಲಿಲ್ಲ. ಬಲಭುಜ ಮುರಿಯಿತು. ಡಾಕ್ಟರು ಒಳಗೆ ಸಲಾಕಿ ಹಾಕಿ ಕೂಡಿಸಿದರು. ಎಲುಬು ಕೂಡಿತು, ಕೈ ಮಾತ್ರ ಎದೆಮಟ್ಟದಿಂದ ಮೇಲೆ ಏಳಲಿಲ್ಲ. ತಲೆಯ ಮೇಲಿನ ಛತ್ತಿಗೆ ಗಿಲಾವು ಮಾಡುವವನ ಕೈ ಎದೆಮಟ್ಟಕ್ಕೆ ನಿಂತರೆ ಅವನ ಕಸುಬು ಮುಗಿಯಿತೆಂದೇ ಅರ್ಥ. ಅಣವೀರಪ್ಪ ತಾನೇ ಕಟ್ಟಿದ ಒಂದು ಬಿಲ್ಡಿಂಗಿನ ಗೇಟಿನಲ್ಲಿ ವಾಚ್‌ಮನ್ ಆಗಿ ಕೂತ.

ಕಾರಿನ ವಿಮಾ ಕಂಪನಿಯ ಮೇಲೆ ಕೇಸು ಬಿತ್ತು. ಕೇಸು ಹಿಡಿದವರು ಅನುರಾಧಾ ಎಂಬ ಚಿಕ್ಕ ವಯಸ್ಸಿನ ವಕೀಲರು. ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರ ಮಾಳಿಗೆಯಲ್ಲಿ ಅವರ ಆಫೀಸು. ಅಪ್ಪ ಅಮ್ಮ ಕನ್ನಡದವರಾದ್ದರಿಂದ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಅರ್ಧ ಬರುತ್ತಿತ್ತು. "ಅಂಕಲ್, ಕೈ ಏಳೋದಿಲ್ಲ ಅಂತ ಡಾಕ್ಟರ್ ಬರೆದಿದ್ದಾರೆ. ನೀವು ಬರೀ ಸಚ್ ಬೋಲೋ, ಬಾಕಿ ನಾನ್ ನೋಡ್ತೇನೆ," ಎಂದಿದ್ದರು. ಖರೆ ಹೇಳುವುದು ಇಷ್ಟು ಸುಲಭವೆಂದು ತಿಳಿದು ಅಣವೀರಪ್ಪ ನಿಶ್ಚಿಂತನಾಗಿದ್ದ.

ಅಷ್ಟರಲ್ಲಿ ಮಗಳು ಶಿವಕುಮಾರಿಗೆ ಸಂಬಂಧ ಬಂತು. ವಿಕ್ರೋಳಿಯ ಹುಡುಗ, ಹೆಸರು ಯಲ್ಲಾಲಿಂಗ, ಕಂಪನಿಯಲ್ಲಿ ನೌಕರಿ. ಹುಡುಗನ ತಂದೆ ಶರಣಬಸಪ್ಪನವರು ಕಾರ್ಖಾನೆಯಿಂದ ನಿವೃತ್ತರಾಗಿ ಕನ್ನಡ ಸಂಘವೊಂದರ ಉಪಾಧ್ಯಕ್ಷರಾಗಿದ್ದರು. ಸಂಬಂಧ ತಂದ ನೆರೆಮನೆಯ ರುಕ್ಮಿಣಿಬಾಯಿ ಎಚ್ಚರಿಕೆಯನ್ನೂ ಜೊತೆಗೇ ತಂದಳು.

"ಶರಣಬಸಪ್ಪ ಭಾಳ ಬಾರೀಕ ಮನುಷ್ಯಾ ಅದಾರ. ಹೋದ ವರ್ಷ ಹೆಣ್ಣಿನಪ್ಪ ಕುಂತಲ್ಲೇ ಎರಡು ಸಲ ಕೆಮ್ಮಿದಾ ಅಂತ ಆ ಸಂಬಂಧನ ಬಿಟ್ಟು ಬಂದ್ರು."

ಕೆಮ್ಮಿಗೇ ಹೀಗಾದರೆ ಮುರಿದ ಭುಜಕ್ಕೆ ಏನು ಗತಿ? ಅಣವೀರಪ್ಪನ ಹೆಂಡತಿ ಸುಂದ್ರವ್ವ ಅವತ್ತೇ ಫರ್ಮಾನು ಹೊರಡಿಸಿದಳು.

"ರೀ, ಕೇಳ್ರಿ ಇಲ್ಲಿ. ಕೋರ್ಟಿನಾಗ ನಿಮ್ಮ ಕೈ ಸತ್ತದ. ಬೀಗರ ಮುಂದ ಬದುಕ್ಯದ. ಅದಲು ಬದಲು ಮಾಡೀರಿ ಮತ್ತ!"

ಅಣವೀರಪ್ಪ ಇದನ್ನು ಮನಸ್ಸಿನಲ್ಲೇ ಪಾಠ ಮಾಡಿಕೊಂಡ. ವರನ ಕಡೆಯವರು ಕನ್ಯೆ ನೋಡಲು ಬಂದ ದಿನ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಶಾಲಾ ಇನ್‌ಸ್ಪೆಕ್ಟರನ ಹಾಗೆ ಓಡಾಡಿದ. ಎಲೆ ಅಡಿಕೆ ಕೊಡುವಾಗ ಮಾತ್ರ ಪಜೀತಿಯಾಯಿತು. ಎಡಗೈಯಲ್ಲಿ ಕೊಟ್ಟರೆ ಅಪಮಾನ, ಬಲಗೈ ಮೇಲೇಳದು. ಕೊನೆಗೆ ಎಡಗೈಯನ್ನು ಬಲಮೊಳಕೈಗೆ ಆನಿಸಿ ಮೆಲ್ಲಗೆ ಮೇಲಕ್ಕೆ ದೂಡಿ ಕೊಟ್ಟ. ಹಿರಿಯರಿಗೆ ಮರ್ಯಾದೆಯಿಂದ ಕೊಡುವುದೂ ಹಾಗೆಯೇ ಅಲ್ಲವೆ? ಶರಣಬಸಪ್ಪನವರು ಕಣ್ಣರಳಿಸಿ, "ಮುಂಬೈದಾಗ ಇಷ್ಟು ನಯ ವಿನಯ ಉಳದದಂತ ನನಗ ಗೊತ್ತಿರ್ಲಿಲ್ಲ," ಎಂದರು. ಹೋಗುವಾಗ, "ವಿಚಾರ ಮಾಡಿ ಹೇಳ್ತೀವಿ," ಎಂದರು.

ಈ ಮಾತಿನ ಅರ್ಥ ಚಾಳಿನ ಮಕ್ಕಳಿಗೂ ಗೊತ್ತು. ಇನ್ನು ವರನ ಕಡೆಯ ಒಬ್ಬ ಮನುಷ್ಯ ಗುಟ್ಟಾಗಿ ಬರುತ್ತಾನೆ. ಹೆಸರು ಹೇಳುವುದಿಲ್ಲ, ಬಂದ ಕಾರಣ ಹೇಳುವುದಿಲ್ಲ, ಅಕ್ಕಪಕ್ಕದವರನ್ನು ನಗುನಗುತ್ತ ಮಾತಾಡಿಸಿ ಮನೆತನದ ಹೊಟ್ಟೆಯೊಳಗಿನದನ್ನೆಲ್ಲ ಹೊರಗೆ ತೆಗೆದುಕೊಂಡು ಹೋಗುತ್ತಾನೆ. ಆದರೆ ಈ ಲೋಕದಲ್ಲಿ ಹೆಸರು ಹೇಳದೆ ಇನ್ನೊಬ್ಬರ ಆರೋಗ್ಯ ವಿಚಾರಿಸುವವರು ಎರಡು ಪಂಗಡದವರು: ಒಂದು ವರನ ಕಡೆಯವರು, ಇನ್ನೊಂದು ವಿಮಾ ಕಂಪನಿಯವರು. ಈ ಎರಡನೆಯ ಪಂಗಡದ ಸುದ್ದಿ ಚಾಳಿಗೆ ಗೊತ್ತಿರಲಿಲ್ಲ.

ಅದೇ ವಾರ ಮನೀಶ್ ಬಂದ. ಇಸ್ತ್ರಿ ಮಾಡಿದ ಅಂಗಿ, ಸಣ್ಣ ಮೀಸೆ, ಅಂಗಿಯ ಜೇಬಿನಿಂದ ಇಣುಕುವ ಮೊಬೈಲು. "ಹೀಗೇ ಈ ಕಡೆ ಬಂದಿದ್ದೆ. ಅಣವೀರಪ್ಪ ಅಂಕಲ್ ಆರೋಗ್ಯ ಹೇಗಿದೆ?" ಎಂದು ಹಿಂದಿಯಲ್ಲಿ ಕೇಳಿದ. ಕೇಳಿದ ಕೂಡಲೇ ಇಡೀ ಓಣಿ ಕಣ್ಣಲ್ಲೇ ಮಾತಾಡಿಕೊಂಡಿತು.

"ಹಿಂದಿ ಮಾತಾಡ್ತಾನಲ್ಲ?" ಎಂದು ಅಣವೀರಪ್ಪ ಒಳಗೆ ಬಂದು ಪಿಸುಗುಟ್ಟಿದ.

"ಕನ್ನಡದಾಂವನ್ನ ಕಳಿಸಿದ್ರ ಗುರ್ತು ಸಿಗ್ತದಂತ ಹಿಂದಿಯವನ್ನ ಕಳಿಸ್ಯಾರ. ಶರಣಬಸಪ್ಪ ಅಂದ್ರ ಸುಮ್ನ ಅಲ್ಲ!" ಎಂದು ಸುಂದ್ರವ್ವ ಶೇಂಗಾ ಹೋಳಿಗೆಯ ಡಬ್ಬಿ ತೆಗೆದಳು.

ಮನೀಶ್ ಹೋಳಿಗೆ ತಿನ್ನುತ್ತಿದ್ದ. ಓಣಿಯವರು ಕನ್ನಡ ಕಲಸಿದ ತಮ್ಮ ಹಿಂದಿಯಲ್ಲಿ ಅಣವೀರಪ್ಪನ ಗುಣಗಾನಕ್ಕೆ ಸರತಿಯಲ್ಲಿ ನಿಂತರು. ರುಕ್ಮಿಣಿಬಾಯಿ, "ನಳ ಬರದ ದಿನ ನೀರಿನ ಡ್ರಮ್ಮು ತಲಿ ಮ್ಯಾಲ ಇಟ್ಕೊಂಡು ಮಾಳಿಗಿ ಹತ್ತತಾರ," ಎಂದಳು. ವೆಲ್ಡಿಂಗ್ ಕೆಲಸದ ರಾಜೇಸಾಬ ಅಣವೀರಪ್ಪನ ಜೀವದ ಗೆಳೆಯ. ಇಂಥ ಹೊತ್ತಿನಲ್ಲಿ ಅವನು ಹಿಂದೆ ಬೀಳುವವನೇ?

"ಕ್ಯಾ ಪೂಛ್ತೇ ಭಾಯ್! ನಮ್ಮ ಅಣ್ಣಾನ ಬಲಗೈ ಅಂದ್ರ ಕಬ್ಬಿಣ. ನನ್ನ ಲೋಖಂಡದ ಕಪಾಟು ಒಬ್ಬವನೇ ಎತ್ತಿ ಒಳಗಿಟ್ಟಾನ. ನಾವು ಮೂರು ಮಂದಿ ಬಾಗಿಲಾ ಹಿಡ್ಕೊಂಡು ನಿಂತಿದ್ವಿ, ಬಸ್!"

"ಆ್ಯಕ್ಸಿಡೆಂಟ್ ಆಗಿತ್ತಂತಲ್ಲ?" ಎಂದ ಮನೀಶ್ ಬಹಳ ಮರುಕದಿಂದ.

ಸುಂದ್ರವ್ವ ಅವಸರದಿಂದ ಇನ್ನೊಂದು ಹೋಳಿಗೆ ಅವನ ಮುಂದಿಟ್ಟಳು. ಇಷ್ಟು ಬಾರೀಕಾಗಿ ವಿಚಾರಣೆ ಮಾಡಿದ್ದಾರೆಯೇ! ಅಣವೀರಪ್ಪನೇ ಮುಂದೆ ಬಂದ. "ಅದೇನು ಆ್ಯಕ್ಸಿಡೆಂಟ್ ಬಿಡ್ರಿ. ನನಗ ಬಡದದ್ದಕ್ಕ ಕಾರೇ ಸೊಟ್ಟಾತು. ನನಗೇನೂ ಆಗಿಲ್ಲ," ಎಂದು ಬಾಗಿಲಲ್ಲಿದ್ದ ಗ್ಯಾಸ್ ಸಿಲಿಂಡರನ್ನು ಎಡಗೈಯಿಂದ ಎತ್ತಿ ಹೆಗಲಿಗೇರಿಸಿ, ಮೀಸೆ ತಿರುವಲು ಬಲಗೈ ಸಾಲದೆ ಹಲ್ಲು ಕಿರಿದು ನಿಂತ. ಸಿಲಿಂಡರು ಖಾಲಿ ಇತ್ತೆಂಬುದನ್ನು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಮನೀಶನ ಮೊಬೈಲು ಜೇಬಿನಿಂದ ಎಲ್ಲವನ್ನೂ ಪ್ರೀತಿಯಿಂದ ನೋಡುತ್ತಿತ್ತು.

ಎರಡು ದಿನದಲ್ಲಿ ಶರಣಬಸಪ್ಪನವರಿಂದ ಒಪ್ಪಿಗೆ ಬಂತು. ಬರೀ ಒಪ್ಪಿಗೆಯಲ್ಲ, ನಿಶ್ಚಯ ಈ ವಾರವೇ ಆಗಲಿ ಎಂಬ ಅವಸರ ಬೇರೆ. ನಿಶ್ಚಯವಾಯಿತು. "ಸಾವಿರ ಸುಳ್ಳು ಹೇಳಿ ಒಂದು ಮದಿವಿ ಮಾಡು ಅಂತಾರ. ನಾವು ಹತ್ತರಾಗ ಮುಗಿಸಿದ್ವಿ," ಎಂದು ರಾಜೇಸಾಬ ಎದೆಯುಬ್ಬಿಸಿಕೊಂಡ. ಶಿವಕುಮಾರಿ ಯಲ್ಲಾಲಿಂಗನ ಜೊತೆ ಫೋನಿನಲ್ಲಿ ನಗುವ ಸದ್ದು ಕೇಳಿದಾಗಲೆಲ್ಲ ಅಣವೀರಪ್ಪನಿಗೆ ತನ್ನ ಕೈ ಕೆಟ್ಟದ್ದೂ ಮರೆಯುತ್ತಿತ್ತು.

ಮುಂದಿನ ತಾರೀಖಿಗೆ ಕೋರ್ಟಿನಲ್ಲಿ ಕಂಪನಿಯ ವಕೀಲರು ಎದ್ದು, "ನಮ್ಮ ತನಿಖೆಗಾರರು," ಎಂದು ಒಬ್ಬನನ್ನು ಕಟಕಟೆಗೆ ಹತ್ತಿಸಿದರು. ಇಸ್ತ್ರಿ ಅಂಗಿ, ಸಣ್ಣ ಮೀಸೆ.

"ಅಯ್ಯ, ನಮ್ಮ ಹೋಳಿಗಿಯವಾ!" ಎಂದು ಸುಂದ್ರವ್ವ ಸಂತೋಷದಿಂದ ಕೂಗಿದಳು. "ಬೀಗರ ಕಡಿಯಾವ ಇಲ್ಲಿ ಯಾಕ ಬಂದಾನ?"

ವಿಡಿಯೊ ಹಚ್ಚಿದರು. ಕೋರ್ಟಿನ ತುಂಬ ಅಣವೀರಪ್ಪ ಸಿಲಿಂಡರು ಹೊತ್ತು ಹಲ್ಲು ಕಿರಿದ. "ನನಗೇನೂ ಆಗಿಲ್ಲ," ಎಂಬ ಅವನ ಸ್ವಂತ ದನಿ ಮೊಳಗಿತು. ಕಟ್ಟಿಗೆಯ ಬೆಂಚಿನ ಮೇಲೆ ಕೂತಿದ್ದ ಅಣವೀರಪ್ಪನಿಗೆ ತಾನು ನೋಡುತ್ತಿರುವುದು ಕೋರ್ಟೋ ಬೀಗರ ಮನೆಯೋ, ಈಗ ತನ್ನ ಕೈ ಬದುಕಿರಬೇಕೋ ಸತ್ತಿರಬೇಕೋ ಒಂದೂ ತಿಳಿಯದಾಯಿತು. ಅನುರಾಧಾ ಹಣೆ ಹಿಡಿದುಕೊಂಡು, "ಅಂಕಲ್, ಪೂರಾ ಕೇಸ್ ಗಯಾ ನಾ!" ಎಂದರು.

ಮುಂದಿನ ಸಾಕ್ಷಿ ರಾಜೇಸಾಬ. ಅವನನ್ನು ಕಂಪನಿಯೇ ಕರೆಸಿತ್ತು. ಅಲ್ಲಿ ಮಾತು ನಡೆದದ್ದು ಹಿಂದಿ, ಮರಾಠಿ, ಕನ್ನಡ ಮೂರೂ ಕಲಸಿದ ಭಾಷೆಯಲ್ಲಿ. ನ್ಯಾಯಾಧೀಶೆಯ, ವಕೀಲರ ಮಾತು ನಮ್ಮ ಕನ್ನಡದಲ್ಲಿ ಹೀಗಿತ್ತು ಎಂದು ತಿಳಿಯಬೇಕು.

"ಇವರು ಕಬ್ಬಿಣದ ಕಪಾಟು ಒಬ್ಬರೇ ಎತ್ತಿದರೆಂದು ನೀವು ಹೇಳಿದ್ದೀರಿ," ಎಂದರು ಕಂಪನಿಯ ವಕೀಲರು.

"ಹೌದು ಸಾಹೇಬ್."

"ಹಾಗಾದರೆ ಎತ್ತಿದ್ದು ಹೌದು?"

"ಇಲ್ಲ ಸಾಹೇಬ್. ಹೇಳಿದ್ದು ಹೌದು."

ಕಟಕಟೆಯ ಕಡೆಗೆ ಬಾಗಿ ನ್ಯಾಯಾಧೀಶೆ ಕೇಳಿದರು, "ಅಂದರೆ ನೀವು ಅವತ್ತು ಸುಳ್ಳು ಹೇಳಿದಿರಾ?"

"ತೋಬಾ ತೋಬಾ, ನಾನು ಸುಳ್ಳಾ ಹೇಳೂ ಮನುಷ್ಯಾ ಅಲ್ಲ ಮೇಡಂ. ಮದಿವಿ ಮಾತು ಹೇಳಿದ್ದೆ."

"ಮತ್ತೆ ಸಿಲಿಂಡರು?"

"ಮದಿವಿಗಿ ತುಂಬಿತ್ತು ಮೇಡಂ. ಕೋರ್ಟಿಗಿ ಖಾಲಿ."

ಟೈಪು ಮಾಡುತ್ತಿದ್ದ ಗುಮಾಸ್ತ ಕೈ ಎತ್ತಿ, ಇದನ್ನು ಹೇಗೆ ಬರೆಯಲಿ ಎಂದು ಮೇಲೆ ನೋಡಿದ. ಅನುರಾಧಾ ಎದ್ದು, ತಮ್ಮ ಕಕ್ಷಿದಾರನ ಮನೆಯವರು ಈ ತನಿಖೆಗಾರನನ್ನು ವರನ ಕಡೆಯವನೆಂದು ತಿಳಿದು ಹೀಗೆಲ್ಲ ಬಡಾಯಿ ಕೊಚ್ಚಿದ್ದಾರೆಂದು ವಿವರಿಸಿದರು. ಕಂಪನಿಯ ವಕೀಲರು ನಕ್ಕರು. "ಕಥೆ ಚೆನ್ನಾಗಿದೆ. ಆ ವರನ ಕಡೆಯವರು ಯಾರು? ಇದ್ದರೆ ಕರೆದುಕೊಂಡು ಬನ್ನಿ."

"ಕರೆದುಕೊಂಡು ಬನ್ನಿ," ಎಂದರು ನ್ಯಾಯಾಧೀಶೆ.

ಅಣವೀರಪ್ಪನಿಗೆ ಹೊಸ ಪೇಚು ಬಂತು. ಕೈ ಕೆಟ್ಟದ್ದು ಯಾರಿಗೆ ಗೊತ್ತಾಗಬಾರದೋ ಅವರನ್ನೇ ಕರೆತಂದು ಕೈ ಕೆಟ್ಟಿದೆ ಎಂದು ಸಾಬೀತು ಮಾಡಬೇಕು! ಕರೆತರದಿದ್ದರೆ ತಾನು ಕಳ್ಳ, ಕರೆತಂದರೆ ಮಗಳ ಮದುವೆ ಮುರಿಯುತ್ತದೆ. ಗ್ರಾಂಟ್ ರೋಡಿನ ಆಫೀಸಿನಲ್ಲಿ ಅವನು, "ಬೀಗರ್ನ ಕರೀದೇ ಇದ್ರ ನಡೀತದೇನ್ರಿ?" ಎಂದು ಕೇಳಿದ. ಅನುರಾಧಾ, "ನಡೀತದೆ ಅಂಕಲ್. ನೀವು ಚೀಟಿಂಗ್ ಮಾಡಿದ್ದೀರಿ ಅಂತ ಬರೀತಾರೆ, ಅಷ್ಟೇ," ಎಂದರು.

ಅವನು ಸುಂದ್ರವ್ವನನ್ನು ಕರೆದುಕೊಂಡು ವಿಕ್ರೋಳಿಗೆ ಹೋದ. ದಾರಿಯುದ್ದಕ್ಕೂ ಲೋಕಲ್ ರೈಲಿನಲ್ಲಿ, ಎಲ್ಲವನ್ನೂ ಬಿಚ್ಚಿ ಹೇಳಿಬಿಡುತ್ತೇನೆಂದು ಬಾಯಿಪಾಠ ಮಾಡಿದ. ಆದರೆ ಬೀಗರ ಮನೆಯ ಹೊಸ್ತಿಲು ದಾಟಿದ ಮೇಲೆ ಪಾಠ ಮರೆಯಿತು. ನಮ್ಮಲ್ಲಿ ಬೀಗರನ್ನು ಎಲ್ಲಿಗೇ ಕರೆದರೂ ಕುಂಕುಮ ಹಚ್ಚಿ ಕರೆಯಬೇಕು. ಸುಂದ್ರವ್ವ ಬೀಗಿತ್ತಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಕೊಟ್ಟು, "ಎಲ್ಲಾರೂ ಬರಬೇಕ್ರಿ," ಎಂದಳು.

"ಏನು ಕಾರ್ಯಕ್ರಮ?" ಎಂದರು ಶರಣಬಸಪ್ಪನವರು.

"ನನ್ನ ಬಗ್ಗೆ... ನೀವು ಬಂದು... ನಾಲ್ಕು ಮಾತು ಹೇಳಬೇಕ್ರಿ. ಜಜ್ಜರ ಮುಂದ."

ಶರಣಬಸಪ್ಪನವರ ಮುಖ ಅರಳಿತು. "ಜಜ್ಜರೇ ಅಧ್ಯಕ್ಷತೆ ವಹಿಸ್ತಾರೇನು?"

ಅಣವೀರಪ್ಪ ಯೋಚಿಸಿದ. "ಹೌದ್ರಿ. ಮ್ಯಾಲ ಕುಂದ್ರೂದು ಅವ್ರೇ."

ತಾರೀಖಿನ ದಿನ ಶರಣಬಸಪ್ಪನವರು ತಲೆಗೆ ಜರತಾರಿ ಅಂಚಿನ ಪಟಕಾ ಸುತ್ತಿಕೊಂಡು, ಹೆಗಲಿಗೆ ಶಾಲು ಹೊದ್ದು, ಕೈಯಲ್ಲೊಂದು ಹೂವಿನ ಹಾರ ಹಿಡಿದು ಬಂದರು. ಬಾಗಿಲಲ್ಲಿ ಪೊಲೀಸರು ಹಾರವನ್ನು ತಡಕಿ ನೋಡಿ ಒಳಗೆ ಬಿಟ್ಟರು. ಅನುರಾಧಾ ಓಡಿ ಬಂದು, ಏನು ಕೇಳುತ್ತಾರೆ, ಏನು ಹೇಳಬೇಕು ಎಂದು ತಿಳಿಸಲು ನೋಡಿದರು.

"ನನಗ ಹೇಳಿಕೊಡೂದು ಬ್ಯಾಡ ತಂಗಿ. ಭಾಷಣ ಮಾಡಿ ಮಾಡಿ ನನ್ನ ಹಲ್ಲು ಉದುರ್ಯಾವ," ಎಂದು ಅವರು ನೇರ ಕಟಕಟೆ ಹತ್ತಿ ಮೈಕು ಎಲ್ಲಿದೆ ಎಂದು ಹುಡುಕಿದರು. ಖರೆಯನ್ನೇ ಹೇಳುತ್ತೇನೆಂದು ಗುಮಾಸ್ತ ಪ್ರಮಾಣ ಮಾಡಿಸಿದ. ಸಮಾರಂಭದ ಹೊಸ ಪದ್ಧತಿ ಇರಬೇಕೆಂದು ಶರಣಬಸಪ್ಪನವರು ಅದನ್ನೂ ಗಂಭೀರವಾಗಿ ಮಾಡಿದರು.

"ಸಂಬಂಧ ಒಪ್ಪುವ ಮೊದಲು ಇವರ ಬಗ್ಗೆ ವಿಚಾರಣೆ ಮಾಡುತ್ತೇವೆಂದು ನೀವು ಹೇಳಿದ್ದಿರಾ?" ಎಂದು ಅನುರಾಧಾ ಕೇಳಿದರು.

"ಛೆ ಛೆ! ಇಂಥಾ ಮನಿತನದ ವಿಚಾರಣಿ ಮಾಡೂದಾ? ಸೂರ್ಯಗ ದೀಪ ಹಿಡದು ನೋಡ್ತಾರೇನು?"

ಅನುರಾಧಾ ಫೈಲು ಮುಚ್ಚಿ ಕೂತರು. ಕಂಪನಿಯ ವಕೀಲರು ಸಕ್ಕರೆ ತಿಂದವರಂತೆ ಎದ್ದರು. "ಇವರ ಕೈ ಹೇಗಿದೆ ಹೇಳಿ."

ನಾಲ್ಕು ಜನರ ಮುಂದೆ ಬೀಗರ ಮಾನ ಬಿಟ್ಟುಕೊಡುವುದುಂಟೆ? ಶರಣಬಸಪ್ಪನವರು ಶಾಲು ಸರಿಪಡಿಸಿಕೊಂಡರು. "ಅಧ್ಯಕ್ಷರೇ, ಮಹನೀಯರೇ! ನಮ್ಮ ಬೀಗರ ಕೈ ಅಂದ್ರ ವಜ್ರದ ಕೈ. ಈ ಮಹಾನಗರ ಕಟ್ಟಿದ ಕೈ. ಇಂದಿಗೂ ಆ ಕೈಯಾಗ ಹುಲಿ ಬಲ ಅದ. ಅಷ್ಟು ಬಲ ಇದ್ರೂ ವಿನಯ ನೋಡ್ರಿ: ಎಲಿ ಅಡಿಕಿ ಕೊಡಬೇಕಾದ್ರ ಎಡಗೈ ಮೊಳಕೈಗಿ ಹಚ್ಚಿನೇ ಕೊಡ್ತಾರ. ಚಾ ಕುಡೀಬೇಕಾದ್ರೂ ಹಂಗೇ. ನಿಶ್ಚಯದ ದಿನ ನೋಡಿದೆ, ತಲಿ ಬಾಚ್ಕೋಬೇಕಾದ್ರೂ ಹಂಗೇ!"

"ತಲೆ ಬಾಚಿಕೊಳ್ಳುವಾಗ ಯಾರಿಗೆ ವಿನಯ?" ಎಂದರು ನ್ಯಾಯಾಧೀಶೆ ತಟ್ಟನೆ.

ಶರಣಬಸಪ್ಪನವರು ಮತ್ತೊಮ್ಮೆ ಶಾಲು ಸರಿಪಡಿಸಿಕೊಂಡರು. ಆ ಮಾತು ಅವರಿಗೂ ಹೊಸದು. ಅಣವೀರಪ್ಪ ಮಾತ್ರ ಬೆಂಚಿನಿಂದ ಎದ್ದು ನಿಂತಿದ್ದ. ತಲೆಯೊಳಗೆ ಸುಂದ್ರವ್ವನ ಪಾಠವೂ ಅನುರಾಧಾ ಅವರ ಪಾಠವೂ ಒಂದನ್ನೊಂದು ತಳ್ಳಾಡುತ್ತಿದ್ದವು. ಕೋರ್ಟಿನಲ್ಲಿ ಸಾಯಬೇಕು, ಬೀಗರ ಮುಂದೆ ಬದುಕಬೇಕು. ಈಗ ಕೋರ್ಟೂ ಇದೆ, ಬೀಗರೂ ಇದ್ದಾರೆ. ಸುಂದ್ರವ್ವ ಅವನ ಅಂಗಿ ಹಿಡಿದು ಜಗ್ಗಿದಳು. ಅವನಿಗೆ ಸಾಕಾಗಿಹೋಗಿತ್ತು.

"ಬೀಗರ, ಸಾಕು ಮಾಡ್ರಿ!" ಎಂದು ಕೂಗಿದ. "ಅದು ವಿನಯ ಅಲ್ರಿ. ಕೈ ಏಳೂದಿಲ್ರಿ ನನಗ. ಸತ್ತದ ಅದು. ನಿಮಗ ಗೊತ್ತಾದ್ರ ಹುಡುಗೀನ ಬಿಡ್ತೀರಂತ ಮುಚ್ಚಿಟ್ಟೆವು. ನಂದ್ ತಪ್ಪದ. ನಮ್ಮ ಶಿವಕುಮಾರಿದು ತಪ್ಪಿಲ್ರಿ."

ಸುಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಶರಣಬಸಪ್ಪನವರು ಹಾರವನ್ನು ಕಟಕಟೆಯ ಮೇಲಿಟ್ಟು, ಅಣವೀರಪ್ಪನ ಬಲಗೈಯನ್ನೇ ನೋಡಿ, ಆಮೇಲೆ ನ್ಯಾಯಾಧೀಶೆಯ ಕಡೆ ತಿರುಗಿದರು.

"ಮೇಡಂ, ಪ್ರಮಾಣ ಮಾಡಿದ್ದು ಖರೇ ಪ್ರಮಾಣೇನು?"

"ಹೌದು."

"ಹಂಗಿದ್ರ ಮೊದಲಿಂದು ಅಳಸ್ರಿ. ಅದು ಭಾಷಣ." ಅವರು ಗಂಟಲು ಸರಿಮಾಡಿಕೊಂಡರು. "ವಿಚಾರಣಿ ಮಾಡ್ತೀವಿ ಅಂದಿದ್ದೆ. ನಮ್ಮ ಅಳಿಯನ್ನ ಕಳಿಸಿದ್ದೆ ಕೂಡ. ಅಂವ ಚಾಳಿಗಿ ಹೋಗೂದ್ರಾಗ ಯಾರೋ ಒಬ್ಬ ಹೋಳಿಗಿ ತಿನ್ಕೋತ, ಇವರ ತಬ್ಯೇತ ವಿಚಾರಿಸ್ಲಿಕತ್ತಿದ್ನಂತ. ಇನ್ಯಾರೋ ವರನ ಕಡಿಯವರು ಬಂದು ಬಿಟ್ಟಾರ, ಛಲೋ ಹುಡುಗಿ ತಪ್ಪಿ ಹೋಗ್ತಾಳಂತ ಅಂವ ಬಾಗಿಲದಿಂದೇ ಓಡಿ ಬಂದ. ಅದಕ್ಕೇ ನಾವು ಗಡಬಡಿಸಿ ನಿಶ್ಚಯ ಮಾಡಿದ್ವಿ." ಅವರು ಹಿಂದಿನ ಬೆಂಚಿನ ಕಡೆ ಬೆರಳು ಮಾಡಿದರು. "ಸಣ್ಣ ಮೀಸಿ ಅಂದಿದ್ದ. ಅಂವನೇ ಇರಬೇಕು ನೋಡ್ರಿ."

ಹಿಂದಿನ ಬೆಂಚಿನಲ್ಲಿ ಮನೀಶ್ ಫೈಲು ಮುಖಕ್ಕೆ ಅಡ್ಡ ಹಿಡಿದುಕೊಂಡ. ನ್ಯಾಯಾಧೀಶೆ ಕಂಪನಿಯ ವಕೀಲರನ್ನು ನೋಡಿ, "ವಕೀಲರೇ, ನಿಮ್ಮ ತನಿಖೆಗಾರನನ್ನು ವರನ ಕಡೆಯವರೇ ವರನ ಕಡೆಯವನೆಂದು ತಿಳಿದಿದ್ದಾರೆ. ಹೆಣ್ಣಿನ ಕಡೆಯವರು ತಿಳಿದದ್ದರಲ್ಲಿ ಆಶ್ಚರ್ಯವೇನು?" ಎಂದರು. ಆಮೇಲೆ ಸ್ವಲ್ಪ ತಡೆದು, "ನನ್ನ ಮಗಳ ಮದುವೆಯಲ್ಲಿ ಹುಡುಗ ಚಹಾ ಸಹ ಕುಡಿಯುವುದಿಲ್ಲ ಎಂದಿದ್ದರು," ಎಂದರು. ಗುಮಾಸ್ತ ಅದನ್ನೂ ಟೈಪು ಮಾಡತೊಡಗಿದ್ದ, ಅವನನ್ನು ತಡೆಯಬೇಕಾಯಿತು. ವಿಡಿಯೊ ನಂಬಲರ್ಹವಲ್ಲ, ಡಾಕ್ಟರರ ಸಾಕ್ಷ್ಯವೇ ಸರಿ, ಪರಿಹಾರದ ಆದೇಶ ಮುಂದಿನ ತಾರೀಖಿಗೆ ಎಂದಾಯಿತು.

ಕೇಸು ಗೆದ್ದಂತಾಯಿತೆಂದು ಅನುರಾಧಾ ಕುಣಿಯುವುದೊಂದು ಬಾಕಿ. ಅಣವೀರಪ್ಪನಿಗೆ ಅದು ಕಿವಿಗೇ ಬೀಳಲಿಲ್ಲ. ಹೊರಗೆ ವರಾಂಡದಲ್ಲಿ ಶರಣಬಸಪ್ಪನವರು ಮಾತಿಲ್ಲದೆ ನಿಂತಿದ್ದರು. ಮಾತಿಲ್ಲದೆ ನಿಂತ ಉಪಾಧ್ಯಕ್ಷರನ್ನು ನೋಡುವುದು ಯಾರಿಗಾದರೂ ಭಯವೇ. ರಾಜೇಸಾಬ ಕಂಬದ ಹಿಂದೆ ಸರಿದ.

"ಬೀಗರ... ಮದಿವಿ..." ಎಂದು ಸುಂದ್ರವ್ವ ತೊದಲಿದಳು.

"ಮದಿವಿಗೇನಾಗ್ಯದ?" ಶರಣಬಸಪ್ಪನವರ ದನಿ ಗಡುಸಾಗಿತ್ತು. "ನಾವು ಹುಡುಗಿ ನೋಡ್ಲಿಕ್ಕ ಬಂದಿದ್ವಿ ತಂಗಿ. ಎತ್ತು ಕೊಳ್ಳಲಿಕ್ಕ ಬಂದಿರ್ಲಿಲ್ಲ." ಅಷ್ಟು ಹೇಳಿ ಅಣವೀರಪ್ಪನ ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿತ್ತು. ಬೈಯುತ್ತಾರೆಂದು ಅವನು ಕಣ್ಣು ಕೆಳಗೆ ಮಾಡಿದ.

"ಭಾಳ ನೋಯ್ತದೇನು?" ಎಂದರು ಅವರು.

ಅಪಘಾತವಾದಂದಿನಿಂದ ಅಣವೀರಪ್ಪನನ್ನು ಪೊಲೀಸರು ಯಾವ ಕಡೆಯಿಂದ ಬಡಿಯಿತು ಎಂದು ಕೇಳಿದ್ದರು, ಡಾಕ್ಟರು ಎಲ್ಲಿಯವರೆಗೆ ಏಳುತ್ತದೆ ಎಂದು ಕೇಳಿದ್ದರು, ವಕೀಲರು ಎಷ್ಟು ಕೆಲಸ ಹೋಯಿತು ಎಂದು ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಇದಕ್ಕೆ ಕೋರ್ಟಿನಲ್ಲಿ ಏನು ಹೇಳಬೇಕು, ಬೀಗರ ಮುಂದೆ ಏನು ಹೇಳಬೇಕೆಂದು ಯಾರೂ ಪಾಠ ಮಾಡಿಸಿರಲಿಲ್ಲ. ಅವನು ಗಲಿಬಿಲಿಗೊಂಡು ಅನುರಾಧಾ ಅವರನ್ನು ನೋಡಿದ, ಸುಂದ್ರವ್ವನನ್ನು ನೋಡಿದ. ಯಾರೂ ಸನ್ನೆ ಮಾಡಲಿಲ್ಲ.

"ಹೂಂ," ಎಂದ. "ಭಾಳ ನೋಯ್ತದ್ರಿ. ರಾತ್ರಿ ಮಗ್ಗಲಾ ಬದಲಿಸ್ಲಿಕ್ಕ ಬರೂದಿಲ್ಲ." ಎಂದವನೇ, ಬಾಗಿಲಲ್ಲಿ ಜವಾನ ಮುಂದಿನ ಕೇಸಿನ ಹೆಸರು ಕೂಗುತ್ತಿದ್ದಂತೆ, ಅಷ್ಟು ಜನರ ನಡುವೆ ನಿಂತು ಅತ್ತುಬಿಟ್ಟ.

ಶರಣಬಸಪ್ಪನವರು ಸಮಾಧಾನ ಮಾಡಲೆಂದು ಅವನ ಭುಜದ ಕಡೆ ಕೈ ಚಾಚಿದರು. ಅದು ಬಲಭುಜವೆಂದು ನೆನಪಾಗಿ ತಡೆದರು. ಅವನ ಬೆನ್ನ ಹಿಂದಿನಿಂದ ಸುತ್ತಿ ಆ ಕಡೆಗೆ ಹೋಗಿ, ಎಡಭುಜದ ಮೇಲೆ ಕೈ ಇಟ್ಟು ನಿಂತರು.